ರಜೆ ಕೊಡುವಷ್ಟು ಮಳೆ ಬಂತಾ? ಮನೆಯ ಮಕ್ಕಳ ಜೊತೆ ಸ್ವಲ್ಪ ಎಂಜಿನಿಯರಿಂಗ್

ಎಂಜಿನಿಯರಿಂಗ್ ಸೀಟು ಸಿಕ್ಕಿದ ದಿನದಿಂದ ನೆಂಟರ ಲೆಕ್ಕದಲ್ಲಿ ನಾವು ಎಂಜಿನಿಯರೇ. ಎರಡನೇ ಸೆಮ್ ಮುಗಿಯದಿದ್ದರೂ ಪರವಾಗಿಲ್ಲ, ಬ್ಯಾಕ್ ಇದ್ದರೂ ಪರವಾಗಿಲ್ಲ. ಊರಿಗೆ ಹೋದರೆ ಮಿಕ್ಸಿ, ವೈಫೈ, ಇನ್ವರ್ಟರ್ ಎಲ್ಲ ನಮ್ಮ ಡಿಪಾರ್ಟ್‌ಮೆಂಟ್. ಈಗ ಕೆಲವು ವರ್ಷದಿಂದ ಈ ಪಟ್ಟಿಗೆ ಇನ್ನೊಂದು ಸೇರಿದೆ. ಚಿಕ್ಕಮ್ಮನೋ ದೊಡ್ಡಮ್ಮನೋ ಮಗನನ್ನು ಎಳೆದು ತಂದು ನಿಲ್ಲಿಸಿ, "ಇವನಿಗೆ ಸ್ವಲ್ಪ ಕೋಡಿಂಗ್ ಹೇಳಿಕೊಡು ಮಾರಾಯಾ, ಇಡೀ ದಿನ ಮೊಬೈಲು" ಅಂತಾರೆ. ಆ ಹುಡುಗ ನಮ್ಮ ಮುಖ ನೋಡ್ತಾನೆ, ನಾವು ಅವನ ಮುಖ ನೋಡ್ತೇವೆ. ಹೆಚ್ಚಿನವರು ಆಗ ಮಾಡುವ ಕೆಲಸ ಒಂದೇ: ಲ್ಯಾಪ್‌ಟಾಪ್ ತೆಗೆದು, ಪೈಥಾನ್ ಹಾಕಿ, ಪರದೆಯ ಮೇಲೆ ಅವನ ಹೆಸರು ಮೂಡಿಸುವುದು. ಹತ್ತು ನಿಮಿಷಕ್ಕೆ ಅವನಿಗೆ ಬೋರು, ಹದಿನೈದಕ್ಕೆ ನಮಗೆ.

ಈ ಹದಿನೈದು ನಿಮಿಷವನ್ನು ಬೇರೆ ರೀತಿ ಕಳೆಯಬಹುದು ಅನ್ನುವುದು ಈ ಲೇಖನದ ವಿಷಯ. ಅದಕ್ಕೆ ದುಬಾರಿ ಕಿಟ್ ಬೇಡ. ನಮ್ಮ ಹಾಸ್ಟೆಲ್ ಕಪಾಟಿನ ಡಬ್ಬದಲ್ಲಿ ಬಿದ್ದಿರುವ ಎಲ್‌ಇಡಿ, ರೆಸಿಸ್ಟರು, ಒಂದೆರಡು ಟ್ರಾನ್ಸಿಸ್ಟರ್ ಸಾಕು. ಮುಖ್ಯವಾಗಿ ಬೇಕಾದದ್ದು ಮಗುವಿಗೆ ಉತ್ತರ ಬೇಕೆನಿಸುವ ಒಂದು ಪ್ರಶ್ನೆ. ಅಂಥ ಪ್ರಶ್ನೆ ನಮ್ಮ ಕರಾವಳಿಯಲ್ಲಿ ಪ್ರತಿ ಜೂನ್‌ನಲ್ಲಿ ಆಕಾಶದಿಂದಲೇ ಬೀಳ್ತದೆ. ಅದಕ್ಕೆ ಆಮೇಲೆ ಬರ್ತೇನೆ.

ಮೊದಲು ಚಿಕ್ಕಮ್ಮನ ಆತಂಕ ಎಲ್ಲಿಂದ ಬಂತು ಅಂತ ನೋಡಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಲ್ಲಿ, ಅಂದರೆ ಆರನೇ ತರಗತಿಯ ಹೊತ್ತಿಗೆ, ಕೋಡಿಂಗ್ ಚಟುವಟಿಕೆ ಇರಬೇಕು ಎಂದಿತು. ಅದೇ ವರ್ಷ ಲಾಕ್‌ಡೌನ್. ಅದೇ ವರ್ಷ ವೈಟ್‌ಹ್ಯಾಟ್ ಜೂನಿಯರ್ ಕಂಪನಿಯನ್ನು ಬೈಜೂಸ್ 30 ಕೋಟಿ ಡಾಲರಿಗೆ ಕೊಂಡುಕೊಂಡಿತು. ಕೋಡಿಂಗ್ ಕಲಿತು ಗೂಗಲ್‌ನಲ್ಲಿ ಕೋಟಿಗಟ್ಟಲೆ ಸಂಬಳದ ಕೆಲಸ ಹಿಡಿದ ವುಲ್ಫ್ ಗುಪ್ತ ಎಂಬ ಹುಡುಗನ ಜಾಹೀರಾತು ನಿಮಗೆ ನೆನಪಿರಬಹುದು. ಹುಡುಗ ಕಾಲ್ಪನಿಕ, ಅವನನ್ನು ನೋಡಿ ಹುಟ್ಟಿದ ಹೆದರಿಕೆ ಮಾತ್ರ ನಿಜ. ದೂರುಗಳು ಹೋಗಿ, ಜಾಹೀರಾತು ಮಾನದಂಡ ಮಂಡಳಿ ಆ ವರ್ಷವೇ ಕೆಲವು ಜಾಹೀರಾತುಗಳನ್ನು ಹಿಂತೆಗೆಯಲು ಹೇಳಿತು. ಜಾಹೀರಾತು ಹೋಯಿತು, "ನಮ್ಮ ಮಗ ಹಿಂದೆ ಬೀಳ್ತಾನೇನೋ" ಅನ್ನುವುದು ಮನೆಯಲ್ಲೇ ಉಳಿಯಿತು. ಸಾಲ ಮಾಡಿ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಅವರು ನಮ್ಮನ್ನು ಕೇಳ್ತಿದ್ದಾರೆ ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕೋಡಿಂಗ್ ಶುರುಮಾಡಲಿಕ್ಕೆ ಕಂಪ್ಯೂಟರ್ ಬೇಡ, ನೆಲ ಸಾಕು. ಮನೆಯ ಟೈಲ್ಸ್ ನೆಲವೇ ಗ್ರಾಫ್ ಹಾಳೆ. ಮಗು ಆಮೆ, ನೀವು ಆಜ್ಞೆ ಕೊಡುವವರು: ಮೂರು ಟೈಲ್ ಮುಂದೆ, ಬಲಕ್ಕೆ ತಿರುಗು, ಎರಡು ಟೈಲ್ ಮುಂದೆ. ಹಾಲಿನಿಂದ ಅಡುಗೆಮನೆಗೆ ಮುಟ್ಟಬೇಕು. ಆಮೇಲೆ ಅದಲು ಬದಲು: ಆಜ್ಞೆ ಅವಳದ್ದು, ನಡೆಯುವವರು ನೀವು. ನಿಮ್ಮ ಕೆಲಸ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವುದು. "ಮುಂದೆ ಹೋಗು" ಅಂದು ಎಷ್ಟು ಅಂತ ಹೇಳದಿದ್ದರೆ ಗೋಡೆಗೆ ಹೋಗಿ ಹಣೆ ತಾಗಿಸಿ ನಿಲ್ಲಿ. ಆರು ವರ್ಷದ ಮಕ್ಕಳಿಗೆ ಇದಕ್ಕಿಂತ ದೊಡ್ಡ ತಮಾಷೆ ಇಲ್ಲ. ನಗು ಮುಗಿದ ಮೇಲೆ ಅವಳೇ ಹೇಳ್ತಾಳೆ: "ಗೋಡೆ ಸಿಕ್ಕಿದರೆ ನಿಲ್ಲು, ಇಲ್ಲದಿದ್ದರೆ ಒಂದು ಹೆಜ್ಜೆ ಮುಂದೆ." ಇದನ್ನು ನಾವು ಮೊದಲ ಸೆಮ್‌ನಲ್ಲಿ ಇಫ್-ಎಲ್ಸ್ ಅಂತ ಬರೆದು ಅಂಕ ತಗೊಂಡಿದ್ದೇವೆ.

ಈ ಆಮೆ ನನ್ನ ಸೃಷ್ಟಿಯಲ್ಲ. ಸೀಮೋರ್ ಪ್ಯಾಪರ್ಟ್, ವಾಲಿ ಫ್ಯೂರ್ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರು 1967ರಲ್ಲಿ ಮಕ್ಕಳಿಗೆಂದೇ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಮಾಡಿದರು. ಆಮೆಗೆ ಆಜ್ಞೆ ಕೊಟ್ಟು ಚಿತ್ರ ಬಿಡಿಸುವುದು ಅದರ ಮುಖ್ಯ ಆಟವಾಯಿತು. ಪ್ಯಾಪರ್ಟ್ ಹೇಳುತ್ತಿದ್ದದ್ದು ಇಷ್ಟು: ಮಗು ತನ್ನ ಮೈಯನ್ನೇ ಆಮೆಯ ಜಾಗದಲ್ಲಿ ಇಟ್ಟು ಯೋಚಿಸಬಲ್ಲದು, ಹಾಗಾಗಿ ಕೋನ, ದೂರ ಎಲ್ಲ ಅದಕ್ಕೆ ತನ್ನದೇ ಅನುಭವವಾಗಿ ಅರ್ಥವಾಗ್ತದೆ. ಇವತ್ತಿನ ಸ್ಕ್ರ್ಯಾಚ್ ಇದೇ ವಂಶದ್ದು. 2007ರಲ್ಲಿ ಎಂಐಟಿಯಿಂದ ಹೊರಬಂತು, ಉಚಿತ, ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಪ್ರೋಗ್ರಾಮ್.

ಇದರಲ್ಲಿ ನಮ್ಮವರ ಒಂದು ಕೆಲಸ ಉಂಟು, ನಮಗೇ ಹೆಚ್ಚು ಗೊತ್ತಿಲ್ಲ. 1996ರಲ್ಲಿ 'ವಿಶ್ವಕನ್ನಡ' ಎಂಬ ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಶುರುಮಾಡಿದ ಡಾ. ಯು. ಬಿ. ಪವನಜ ಅವರು ಮಕ್ಕಳಿಗಾಗಿ ಕನ್ನಡದ ಲೋಗೋ ಮಾಡಿದರು. ಆಮೆಗೆ ಕೊಡುವ ಆಜ್ಞೆ ಕನ್ನಡದಲ್ಲೇ. ಇಂಗ್ಲಿಷ್ ಗೊತ್ತಿಲ್ಲದ ಮಗುವೂ ಪ್ರೋಗ್ರಾಮ್ ಬರೆಯಬಹುದು ಅನ್ನುವುದನ್ನು ವಾದ ಮಾಡುವ ಬದಲು ಮಾಡಿ ತೋರಿಸಿದ ಕೆಲಸ ಅದು. ಇನ್ನೂ ಹಿಂದೆ ಹೋದರೆ, 1930ರ ದಶಕದಲ್ಲಿ ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ಮಕ್ಕಳಿಗೆಂದು 'ಬಾಲ ಪ್ರಪಂಚ'ದ ಮೂರು ಸಂಪುಟ ತಂದರು. ಆಮೇಲೆ ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ. ಕಾಲೇಜು ಅರ್ಧಕ್ಕೆ ಬಿಟ್ಟು ಚಳವಳಿಗೆ ಹೋದ ಮನುಷ್ಯ ಜಗತ್ತಿನ ವಿದ್ಯೆಯನ್ನೆಲ್ಲ ಕನ್ನಡದಲ್ಲಿ ಹೇಳಹೊರಟರು. ನಾಲ್ಕು ವರ್ಷ ಓದಿದ ನಮಗೆ ಕೆಪಾಸಿಟರ್ ಅಂದರೇನು ಅಂತ ತಮ್ಮನಿಗೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಲಿಕ್ಕೆ ಬಾರದಿದ್ದರೆ, ವೈವಾದಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದು ಅರ್ಥವಾಗಿ ಹೇಳಿದ್ದೋ ಬಾಯಿಪಾಠವೋ ಅಂತ ಅನುಮಾನ ಬರ್ತದೆ. ರೆಸಿಸ್ಟರನ್ನು ರೆಸಿಸ್ಟರ್ ಅಂತಲೇ ಕರೆಯಿರಿ, 'ರೋಧಕ' ಅಂತ ಹೇಳಿ ಮಗುವನ್ನು ಓಡಿಸಬೇಡಿ. ಆದರೆ ಅದು ಮಾಡುವ ಕೆಲಸವನ್ನು ಮನೆಯ ಭಾಷೆಯಲ್ಲಿ ಹೇಳಿ.

ಇನ್ನು ಕೈಗೆ ಸ್ಕ್ರೂಡ್ರೈವರ್ ಕೊಡುವ ವಿಚಾರ. ಪ್ರತಿ ಮನೆಯ ಅಟ್ಟದಲ್ಲೂ ಗುಜರಿಗೆ ಹೋಗಲಿಕ್ಕೆ ಕಾಯುತ್ತಿರುವ ಒಂದು ಚೀಲ ಇರ್ತದೆ. ಅದನ್ನು ಇಳಿಸಿ. ನಿಂತ ಗೋಡೆ ಗಡಿಯಾರ, ಬ್ಯಾಟರಿ ಟಾರ್ಚು, ರಿಮೋಟ್ ಕಾರು, ಹಳೇ ಮೌಸು ಬಿಚ್ಚಲಿಕ್ಕೆ ಒಳ್ಳೆಯವು. ಗಡಿಯಾರದ ಹಲ್ಲುಚಕ್ರಗಳನ್ನು ಬೆರಳಲ್ಲಿ ತಿರುಗಿಸಿ, ಇದು ಅರವತ್ತು ಸುತ್ತಿದರೆ ಅದು ಒಂದು ಅಂತ ಎಣಿಸಿದ ಮಗುವಿಗೆ ಭಿನ್ನರಾಶಿ ಮತ್ತೆ ಹೆದರಿಸುವುದಿಲ್ಲ. ಪ್ಯಾಪರ್ಟ್ ಕೂಡ ಸಣ್ಣವರಿದ್ದಾಗ ಗೇರುಗಳ ಹುಚ್ಚು ಹಿಡಿದವರೇ. ಗಣಿತ ತನಗೆ ಒಲಿದದ್ದು ಆ ಗೇರುಗಳಿಂದ ಅಂತ ಬರೆದುಕೊಂಡಿದ್ದಾರೆ. ಬಿಚ್ಚಿದ್ದನ್ನು ಜೋಡಿಸಲೇಬೇಕು ಅನ್ನುವ ನಿಯಮ ಬೇಡ. ಒಂದೊಂದು ಸ್ಕ್ರೂ ತೆಗೆಯುವಾಗಲೂ ಫೋಟೊ ತೆಗೆಯುವ ಅಭ್ಯಾಸ ಕಲಿಸಿದರೆ ಸಾಕು, ಜೋಡಿಸುವ ಆಸೆ ತಾನಾಗಿ ಬರ್ತದೆ.

ಬಿಚ್ಚಬಾರದ್ದನ್ನು ಮಾತ್ರ ನೇರವಾಗಿ, ರಾಜಿ ಇಲ್ಲದೆ ಹೇಳಿ. ಗೋಡೆಯ ಸಾಕೆಟ್ಟಿಗೆ ಹೋಗುವ ಯಾವುದನ್ನೂ ಮಕ್ಕಳು ಬಿಚ್ಚುವಂತಿಲ್ಲ, ಪ್ಲಗ್ ತೆಗೆದಿದ್ದರೂ ಇಲ್ಲ. ಯಾಕೆ ಅಂತ ನಿಮಗೆ ಗೊತ್ತು: 230 ವೋಲ್ಟ್ ಎಸಿಯನ್ನು ರೆಕ್ಟಿಫೈ ಮಾಡಿದರೆ ಕೆಪಾಸಿಟರಿನಲ್ಲಿ ನಿಲ್ಲುವುದು ಸುಮಾರು 325 ವೋಲ್ಟ್ ಡಿಸಿ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕಾಯ್ತಾ ಇರ್ತದೆ. ಮೊಬೈಲ್ ಚಾರ್ಜರ್, ಕಂಪ್ಯೂಟರಿನ ಪವರ್ ಸಪ್ಲೈ, ಹಳೇ ಪಿಕ್ಚರ್ ಟ್ಯೂಬ್ ಟಿವಿ, ಮೈಕ್ರೊವೇವ್ ಎಲ್ಲ ಈ ಪಟ್ಟಿಗೆ. ಮಳೆಗಾಲದ ಒದ್ದೆ ನೆಲ, ಬರಿಗಾಲು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಉಬ್ಬಿದ ಫೋನ್ ಬ್ಯಾಟರಿಗೆ ಸ್ಕ್ರೂಡ್ರೈವರ್ ತಾಗಿದರೆ ಹೊತ್ತಿಕೊಳ್ಳಬಹುದು. ಸಿಡಿ ಡ್ರೈವಿನ ಲೇಸರ್ ಕಣ್ಣಿಗೆ ಬೇಡ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ನಾಣ್ಯದಂಥ ಬಟನ್ ಸೆಲ್ಲು. ಎಲ್‌ಇಡಿಯ ಎರಡು ಕಾಲಿನ ಮಧ್ಯೆ ಅದನ್ನು ಸಿಕ್ಕಿಸಿದರೆ ಉರಿಯುತ್ತದೆ, ಅದಕ್ಕೇ ಎಲ್ಲ ವಿಡಿಯೊಗಳಲ್ಲೂ ಅದೇ ಮೊದಲ ಪ್ರಯೋಗ. ಆದರೆ ಮನೆಯಲ್ಲಿ ನಾಲ್ಕೈದು ವರ್ಷದ ಇನ್ನೊಂದು ಮಗು ಇದ್ದರೆ ಇದನ್ನು ತರಲೇಬೇಡಿ. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿಯ ತೇವದಲ್ಲೇ ಕರೆಂಟ್ ಹರಿದು ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೆ ಒಳಗಿನ ಚರ್ಮ ಸುಟ್ಟುಹೋಗಬಹುದು. ಖಾಲಿಯಾದ ಸೆಲ್ ಕೂಡ ಇದನ್ನು ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಬೇಕು. ಇದರ ಬದಲು ಎರಡು ಎಎ ಸೆಲ್ ಹಿಡಿಯುವ ಪ್ಲಾಸ್ಟಿಕ್ ಹೋಲ್ಡರ್ ತನ್ನಿ. ಮೂರು ವೋಲ್ಟ್, ನುಂಗುವ ಗಾತ್ರವಲ್ಲ, ಶಾಕಿನ ಭಯವೂ ಇಲ್ಲ.

ಈ ಮೂರು ವೋಲ್ಟಿನಲ್ಲೇ ಸಾಕಷ್ಟು ನಡೀತದೆ. ಕೆಂಪು ಎಲ್‌ಇಡಿಗೆ ಸುಮಾರು 1.9 ವೋಲ್ಟ್ ಬೇಕು, ಉಳಿದ 1.1 ವೋಲ್ಟನ್ನು 100 ಓಮ್ ರೆಸಿಸ್ಟರ್ ತಡೆದರೆ 11 ಮಿಲಿಆಂಪ್. ಈ ಲೆಕ್ಕ ನಿಮಗೆ, ಮಗುವಿಗೆ ಈಗಲೇ ಬೇಡ. ಅವಳಿಗೆ ಎಲ್‌ಇಡಿ, ಹೋಲ್ಡರ್ ಮಾತ್ರ ಕೊಟ್ಟು ಉರಿಸಲು ಹೇಳಿ. ಒಂದು ಕಡೆ ಹಾಕಿದರೆ ಉರಿಯುತ್ತದೆ, ತಿರುಗಿಸಿ ಹಾಕಿದರೆ ಇಲ್ಲ. "ಯಾಕೆ?" ಅಂತ ಕೇಳಿದಾಗ ಡಯೋಡ್ ಪಾಠ ತೆಗೆಯಬೇಡಿ. "ಟಾರ್ಚಿನ ಬಲ್ಬ್ ಹಾಗೆ ಮಾಡ್ತದಾ, ನೋಡು" ಅಂತ ಹಳೇ ಬಲ್ಬ್ ಕೊಡಿ. ಬಲ್ಬ್ ಎರಡು ಕಡೆಯಿಂದಲೂ ಉರಿಯುತ್ತದೆ. ಈಗ ಅವಳ ಕೈಯಲ್ಲಿ ಎರಡು ವಸ್ತು, ಒಂದು ವ್ಯತ್ಯಾಸ. ಉತ್ತರಕ್ಕಿಂತ ಆ ವ್ಯತ್ಯಾಸ ಹೆಚ್ಚು ದಿನ ತಲೆಯಲ್ಲಿ ಉಳೀತದೆ. ಹಿತ್ತಲಲ್ಲಿ ಬಿಂಬುಳಿ ಮರ ಇದ್ದರೆ ಇನ್ನೂ ಮಜಾ: ಒಂದು ಬಿಂಬುಳಿಗೆ ಸತುವಿನ ಲೇಪದ ಮೊಳೆ, ತಾಮ್ರದ ತಂತಿ ಚುಚ್ಚಿದರೆ ಮೀಟರಿನಲ್ಲಿ ಮುಕ್ಕಾಲು ವೋಲ್ಟಿನ ಆಸುಪಾಸು ತೋರಿಸ್ತದೆ. ನಾಲ್ಕನ್ನು ಸಾಲಾಗಿ ಜೋಡಿಸಿ ಕತ್ತಲೆ ಕೋಣೆಯಲ್ಲಿ ನೋಡಿದರೆ ಕೆಂಪು ಎಲ್‌ಇಡಿ ಮಿಣಮಿಣ. ಕರೆಂಟ್ ಬರುವುದು ಕರಗುವ ಸತುವಿನಿಂದ, ಹಾಗಾಗಿ ಪ್ರಯೋಗದ ಬಿಂಬುಳಿ ಚಟ್ನಿಗೆ ಹೋಗಬಾರದು.

ಈಗ ಆಗಲೇ ಹೇಳಿದ ಮಳೆಯ ಪ್ರಶ್ನೆಗೆ ಬರೋಣ.

ಜೂನ್, ಜುಲೈಯಲ್ಲಿ ದಕ್ಷಿಣ ಕನ್ನಡದ ಮಕ್ಕಳಿಗೆ ರಾತ್ರಿ ಊಟದ ಹೊತ್ತಿಗೆ ಒಂದೇ ಚಿಂತೆ: ನಾಳೆ ಡಿಸಿ ರಜೆ ಕೊಡ್ತಾರಾ? ವಾಟ್ಸಾಪಿನಲ್ಲಿ ಹಳೇ ವರ್ಷದ ಆದೇಶ ತಿರುಗ್ತಾ ಇರ್ತದೆ, ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಅಂತ ಟಿವಿಯವರು ಕೂಗ್ತಾರೆ. ನಾವೂ ಕಾಲೇಜಿಗೆ ರಜೆ ಉಂಟಾ ಅಂತ ಅದೇ ಆದೇಶದಲ್ಲಿ ಹುಡುಕುವವರೇ, ಸುಳ್ಳು ಯಾಕೆ. ವರ್ಷಕ್ಕೆ ಮೂರೂವರೆ ಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು, ಆದರೆ ನಿನ್ನೆ ರಾತ್ರಿ ಎಷ್ಟು ಬಿತ್ತು ಅಂತ ಕೇಳಿದರೆ ಉತ್ತರ "ಭಾರೀ ಮಳೆ ಮಾರಾಯ್ರೆ". ಭಾರೀ ಅಂದರೆ ಎಷ್ಟು? ಹವಾಮಾನ ಇಲಾಖೆಯ ಲೆಕ್ಕದಲ್ಲಿ ಆ ಪದಕ್ಕೆ ಅಳತೆ ಉಂಟು: 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.4ಕ್ಕಿಂತ ಮೇಲೆ ಹೋದರೆ ವಿಪರೀತ ಮಳೆ. ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆಯವರೆಗೆ ಒಂದು ದಿನ.

ಇದನ್ನು ಒಂಬತ್ತು ಹತ್ತು ವರ್ಷದ ಮಗುವಿಗೆ ಹೇಳಿ, "ನಮ್ಮ ಮನೆ ಮೇಲೆ ಬಿದ್ದದ್ದು ಭಾರೀ ಮಳೆ ಹೌದಾ ಅಲ್ವಾ, ನೋಡುವನಾ?" ಅಂತ ಕೇಳಿ. ಇಲ್ಲಿಂದ ಮುಂದೆ ನೀವು ಎಳೆಯಬೇಕಾಗಿಲ್ಲ.

ಮೊದಲ ಮಳೆಮಾಪಕಕ್ಕೆ ಎಲೆಕ್ಟ್ರಾನಿಕ್ಸ್ ಬೇಡ. ಬದಿ ನೆಟ್ಟಗಿರುವ ಒಂದು ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ (ಕತ್ತರಿಸುವುದು ನಿಮ್ಮ ಕೆಲಸ), ತಳಕ್ಕೆ ಕಲ್ಲು ಹಾಕಿ, ಉಬ್ಬುತಗ್ಗು ಮುಚ್ಚುವಷ್ಟು ನೀರು ಹೊಯ್ದು, ಅಲ್ಲಿ ಸೊನ್ನೆ ಬರೆದು, ಮೇಲಕ್ಕೆ ಸ್ಕೇಲ್ ಅಂಟಿಸಿ. ನೀರು ಎಷ್ಟು ಮಿಲಿಮೀಟರ್ ಏರಿತೋ ಮಳೆ ಅಷ್ಟು. ಬಾಟಲಿ ದಪ್ಪ ಇದ್ದರೂ ಸಪೂರ ಇದ್ದರೂ ಅಳತೆ ಒಂದೇ ಅನ್ನುವುದು ಮಕ್ಕಳಿಗೆ ನಂಬಲಿಕ್ಕಾಗದ ಸಂಗತಿ. ಎರಡು ಬಾಟಲಿ ಪಕ್ಕಪಕ್ಕ ಇಡಲಿ. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಲಿ. ಸುಳ್ಯ, ಪುತ್ತೂರು ಕಡೆಯ ಅಡಿಕೆ ಕೃಷಿಕರಲ್ಲಿ ದಶಕಗಳಿಂದ ಹೀಗೆ ದಿನದಿನದ ಮಳೆ ಬರೆದಿಟ್ಟವರು ಇದ್ದಾರೆ. ಔಷಧಿ ಬಿಡುವ ದಿನ ಗೊತ್ತುಮಾಡಲಿಕ್ಕೆ ಅವರಿಗೆ ಅದು ಬೇಕು. ನಿಮ್ಮ ಅಜ್ಜನ ಮನೆಯಲ್ಲಿ ಅಂಥದ್ದೊಂದು ಪುಸ್ತಕ ಇದ್ದರೆ ಮಗುವಿಗೆ ತೋರಿಸಿ.

ಒಂದು ವಾರದಲ್ಲಿ ದೂರು ಬರ್ತದೆ. ರಾತ್ರಿ ಯಾವಾಗ ಬಂತು ಗೊತ್ತಾಗುವುದಿಲ್ಲ, ಒದ್ದೆಯಾಗಿ ಹೋಗಿ ನೋಡಬೇಕು, ನೀರು ಚೆಲ್ಲಲಿಕ್ಕೆ ಮರೆತು ಹೋಗ್ತದೆ. ಈ ದೂರು ಬರುವವರೆಗೆ ಸೆನ್ಸರಿನ ಸುದ್ದಿ ಎತ್ತಬೇಡಿ. ಬಂದ ಮೇಲೆ ಟಿಪ್ಪಿಂಗ್ ಬಕೆಟ್ ತೋರಿಸಿ.

ಪಾರ್ಕಿನ ಸೀಸಾ ನೆನಪು ಮಾಡಿಕೊಳ್ಳಿ. ಎರಡು ಬದಿಯಲ್ಲೂ ಒಂದೊಂದು ಸಣ್ಣ ತೊಟ್ಟಿ. ಮೇಲಿನ ಆಲಿಕೆಯಿಂದ ನೀರು ಎತ್ತರದಲ್ಲಿರುವ ತೊಟ್ಟಿಗೆ ಬೀಳ್ತದೆ, ತುಂಬಿದ ಕೂಡಲೇ ಆ ಬದಿ ಕೆಳಗೆ ಬಿದ್ದು ನೀರು ಚೆಲ್ಲಿ, ಇನ್ನೊಂದು ಬದಿ ಆಲಿಕೆಯ ಕೆಳಗೆ ಬರ್ತದೆ. ಟಕ್, ಟಕ್. ಪ್ರತಿ ಟಕ್ಕಿಗೂ ಇಷ್ಟು ಮಿಲಿಲೀಟರ್ ಅಂತ ಗೊತ್ತಿದ್ದರೆ ಟಕ್ ಎಣಿಸಿದರೆ ಆಯಿತು. ಸ್ವಯಂಚಾಲಿತ ಮಳೆಮಾಪಕಗಳಲ್ಲಿ ಸಾಮಾನ್ಯವಾಗಿ ಇದೇ ತಂತ್ರ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತ್ ಮಟ್ಟದಲ್ಲಿ ಇಂಥ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಆರು ಸಾವಿರಕ್ಕೂ ಹೆಚ್ಚು ಕಡೆ ಹಾಕಿದೆ, ಹದಿನೈದು ನಿಮಿಷಕ್ಕೊಮ್ಮೆ ಅವು ಲೆಕ್ಕ ಕಳಿಸ್ತವೆ. ಮಗು ಹಿತ್ತಲಲ್ಲಿ ಮಾಡುವುದು ಅದರ ತಮ್ಮನನ್ನು.

ತೊಟ್ಟಿಗೆ ಐಸ್‌ಕ್ರೀಮ್ ಡಬ್ಬದ ಪ್ಲಾಸ್ಟಿಕ್ ಸಾಕು, ಮಧ್ಯೆ ಒಂದು ತಡೆ, ಅಂಟಿಸಲಿಕ್ಕೆ ಎಂಸೀಲ್, ಅಚ್ಚಿಗೆ ಸೈಕಲ್ ಕಡ್ಡಿ. ಹಳೇ ಇಯರ್‌ಫೋನಿನಿಂದ ತೆಗೆದ ಸಣ್ಣ ಅಯಸ್ಕಾಂತ ಸೀಸಾದ ಮಧ್ಯಕ್ಕೆ, ಅದರ ಎದುರು ಒಂದು ರೀಡ್ ಸ್ವಿಚ್: ಗಾಜಿನ ನಳಿಗೆಯೊಳಗೆ ಎರಡು ಲೋಹದ ನಾಲಿಗೆ, ಅಯಸ್ಕಾಂತ ಹತ್ತಿರ ಬಂದರೆ ಒಂದಕ್ಕೊಂದು ಅಂಟಿಕೊಳ್ತವೆ. ಸಣ್ಣ ಅಯಸ್ಕಾಂತವನ್ನೂ ತೀರಾ ಸಣ್ಣ ಮಕ್ಕಳ ಕೈಗೆ ಸಿಗದಂತೆ ಇಡಬೇಕು, ನುಂಗಿದರೆ ಅದೂ ಅಪಾಯವೇ. ಎಣಿಸಲಿಕ್ಕೆ ಮೈಕ್ರೊಬಿಟ್ ಒಳ್ಳೆಯದು. ಬಿಬಿಸಿಯವರು 2016ರಲ್ಲಿ ಬ್ರಿಟನ್ನಿನ ಶಾಲಾಮಕ್ಕಳಿಗೆ ಪುಕ್ಕಟೆ ಹಂಚಿದ ಬೋರ್ಡ್ ಇದು: 25 ಎಲ್‌ಇಡಿಗಳ ಪರದೆ ಬೋರ್ಡಿನಲ್ಲೇ ಉಂಟು, ತುಂಡು ಜೋಡಿಸಿ ಪ್ರೋಗ್ರಾಮ್ ಮಾಡಬಹುದು, ಎರಡು ಸೆಲ್ಲಿನಲ್ಲಿ ನಡೀತದೆ. ಅದಿಲ್ಲದಿದ್ದರೆ ನಿಮ್ಮ ಮಿನಿ ಪ್ರಾಜೆಕ್ಟಿನ ಆರ್ಡುಯಿನೊ. ಅದೂ ಇಲ್ಲದಿದ್ದರೆ ಗುಂಡಿ ಒತ್ತಿ ಎಣಿಸುವ ಹಳೇ ಕ್ಯಾಲ್ಕುಲೇಟರು: 1 + 1 ಒತ್ತಿ, ಆಮೇಲೆ = ಒತ್ತಿದಾಗಲೆಲ್ಲ ಒಂದು ಸೇರುವ ಮಾದರಿಯಾದರೆ ಆ ಗುಂಡಿಯ ಎರಡು ತುದಿಗೆ ರೀಡ್ ಸ್ವಿಚ್ಚಿನ ತಂತಿ ಬೆಸುಗೆ ಹಾಕಿದರೆ ಕೌಂಟರ್ ಸಿದ್ಧ. ನನಗೆ ಇದೇ ಹೆಚ್ಚು ಇಷ್ಟ.

ಆಮೇಲೆ ಅಳತೆ. ಆಲಿಕೆಯ ಬಾಯಿ 10 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಅದರ ವಿಸ್ತೀರ್ಣ 78.5 ಚದರ ಸೆಂಟಿಮೀಟರ್, ಅಂದರೆ ಒಂದು ಮಿಲಿಮೀಟರ್ ಮಳೆಗೆ ಒಳಗೆ ಬರುವುದು 7.85 ಮಿಲಿಲೀಟರ್. ಈಗ 200 ಮಿಲಿಲೀಟರ್ ನೀರನ್ನು ಸಿರಿಂಜಿನಲ್ಲಿ ನಿಧಾನಕ್ಕೆ ಆಲಿಕೆಗೆ ಬಿಟ್ಟು ಟಕ್ ಎಣಿಸಲಿ. 40 ಬಂತಾ? ಹಾಗಾದರೆ ಟಕ್ಕಿಗೆ 5 ಮಿಲಿಲೀಟರ್, 5ನ್ನು 7.85ರಿಂದ ಭಾಗಿಸಿದರೆ ಸುಮಾರು 0.64 ಮಿಲಿಮೀಟರ್. ಭಾರೀ ಮಳೆಗೆ ಸುಮಾರು 100 ಟಕ್, ಅತಿ ಭಾರೀ ಮಳೆಗೆ 180, ವಿಪರೀತ ಮಳೆಗೆ 320. ಈ ಮೂರು ಅಂಕಿಯನ್ನು ಮಗು ಫ್ರಿಜ್ಜಿನ ಮೇಲೆ ಅಂಟಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲ ಪ್ರೋಗ್ರಾಮ್ ಖಂಡಿತ ತಪ್ಪು ಲೆಕ್ಕ ಕೊಡ್ತದೆ. ಮಗು ಬರೆಯುವುದು ಹೀಗೆ: ಯಾವಾಗಲೂ ನೋಡ್ತಾ ಇರು, ಸ್ವಿಚ್ ಅಂಟಿದ್ದರೆ ಎಣಿಕೆಗೆ ಒಂದು ಸೇರಿಸು. ಒಂದು ಲೋಟ ನೀರು ಹೊಯ್ದರೆ ಪರದೆಯಲ್ಲಿ ಸಾವಿರಗಟ್ಟಲೆ. ಆ ಲೆಕ್ಕದಲ್ಲಿ ಇಡೀ ಹಂಪನಕಟ್ಟೆ ಮುಳುಗಬೇಕಿತ್ತು. ಕಾರಣ ನಿಮಗೆ ಕಣ್ಣಿಗೆ ಹೊಡೀತದೆ: ಅಯಸ್ಕಾಂತ ಸ್ವಿಚ್ಚಿನ ಎದುರು ದಾಟುವ ಅರೆಕ್ಷಣದಲ್ಲಿ ಬೋರ್ಡ್ ಎಷ್ಟೋ ಸಲ ನೋಡಿ, ಎಷ್ಟೋ ಸಲ ಸೇರಿಸಿದೆ. ಅದರ ಮೇಲೆ ನಾಲಿಗೆಗಳು ಅಂಟುವಾಗ ಮಿಲಿಸೆಕೆಂಡುಗಳ ಕಾಲ ಕುಣಿಯುವುದು ಬೇರೆ. ಡಿಬೌನ್ಸ್ ಅಂತ ನಾವು ಲ್ಯಾಬ್ ರೆಕಾರ್ಡಿನಲ್ಲಿ ನಕಲು ಹೊಡೆದದ್ದು ಇದೇ. ಈ ಹೊತ್ತಿನಲ್ಲಿ ನಿಮ್ಮ ಕೈ ಕೀಬೋರ್ಡಿನ ಕಡೆ ಹೋಗ್ತದೆ. ಹೋಗಬಾರದು. ಬೇಕಾದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. "ನೀರಿಲ್ಲದೆ ಬೆರಳಲ್ಲೇ ನಿಧಾನ ತಿರುಗಿಸಿ ನೋಡು, ಲೆಕ್ಕ ಯಾವಾಗ ಏರ್ತದೆ?" ಅಷ್ಟು ಕೇಳಿ ಸುಮ್ಮನಿರಿ. ಅಯಸ್ಕಾಂತ ಎದುರು ನಿಂತಷ್ಟು ಹೊತ್ತೂ ಅಂಕಿ ಓಡುವುದನ್ನು ಅವಳೇ ನೋಡ್ತಾಳೆ. ಅರ್ಧ ಗಂಟೆಯೋ ಎರಡು ದಿನವೋ ಬಿಟ್ಟು "ಒಂದು ಸಲ ಎಣಿಸಿದ ಮೇಲೆ ಅದು ಬಿಡುವವರೆಗೆ ಕಾಯಬೇಕು" ಅಂತ ಬರ್ತಾಳೆ. ಈ ಒಂದು ವಾಕ್ಯಕ್ಕಾಗಿ ಇಷ್ಟೆಲ್ಲ ಮಾಡಿದ್ದು. ನೀವು ಮೊದಲೇ ಹೇಳಿಬಿಟ್ಟರೆ ಮಳೆಮಾಪಕ ಒಂದು ದಿನ ಬೇಗ ತಯಾರಾಗ್ತದೆ, ಆದರೆ ಅದು ನಿಮ್ಮದಾಗ್ತದೆ.

ಮುಂದಿನ ಜಗಳಗಳೂ ಒಳ್ಳೆಯವೇ. ಬಾಟಲಿ 90 ತೋರಿಸಿದರೆ ಬೋರ್ಡ್ 80 ತೋರಿಸ್ತದೆ, ಜಡಿಮಳೆಯ ದಿನ ವ್ಯತ್ಯಾಸ ಇನ್ನೂ ಹೆಚ್ಚು. ಸೀಸಾ ವಾಲುತ್ತಿರುವ ಆ ಕ್ಷಣದಲ್ಲಿ ಬೀಳುವ ನೀರು ತುಂಬಿದ ತೊಟ್ಟಿಗೇ ಹೋಗಿ ಲೆಕ್ಕ ತಪ್ಪಿಸ್ತದೆ. ಸರ್ಕಾರಿ ಮಾಪಕಗಳಲ್ಲೂ ಇರುವ ದೋಷವೇ ಇದು, ಅದಕ್ಕೆ ತಿದ್ದುಪಡಿ ಹಾಕ್ತಾರೆ. ಹಲಸಿನ ಎಲೆ ಬಿದ್ದು ಆಲಿಕೆ ಕಟ್ಟಿಕೊಳ್ತದೆ, ಮೇಲೆ ಬಲೆ ಬೇಕು. ಹಂಚಿನ ಮಾಡಿನ ನೀರು, ತೆಂಗಿನ ಗರಿಯ ನೀರು ಒಳಗೆ ಬೀಳಬಾರದು. ಕಡಲ ಗಾಳಿಗೆ ತಂತಿಯ ತುದಿ ಹಸಿರುಗಟ್ಟುತ್ತದೆ, ಪ್ರತಿ ವಾರ ಉಜ್ಜಬೇಕು ಅಥವಾ ಬೆಸುಗೆ ಹಾಕಿ ಮೇಣ ಬಳಿಯಬೇಕು. ಎಲ್ಲಕ್ಕಿಂತ ದೊಡ್ಡ ಜಗಳ ರಜೆಯದ್ದು. ರೆಡ್ ಅಲರ್ಟ್ ಅಂತ ರಜೆ ಕೊಟ್ಟ ದಿನ ಮಾಪಕದಲ್ಲಿ 12 ಟಕ್, ಹೊರಗೆ ಬಿಸಿಲು! "ಹಾಗಾದರೆ ಅವರು ತಪ್ಪಾ?" ಅಂತ ಕೇಳ್ತಾಳೆ. ಅಲರ್ಟ್ ಅನ್ನುವುದು ಮುಂದಿನದರ ಅಂದಾಜು, ಮಾಪಕ ಹೇಳುವುದು ಹಿಂದಿನ ಲೆಕ್ಕ. ಇಡೀ ಜಿಲ್ಲೆಗೆ ಕೊಟ್ಟ ಎಚ್ಚರಿಕೆಗೂ ನಮ್ಮ ಒಂದು ಹಿತ್ತಲಿಗೂ ಹೋಲಿಕೆ ಮಾಡಬಾರದು. ಸುಬ್ರಹ್ಮಣ್ಯದಲ್ಲಿ ಹೊಳೆ ಉಕ್ಕಿದ ದಿನ ಕದ್ರಿಯಲ್ಲಿ ಛತ್ರಿ ಬೇಡದಿರಬಹುದು. ಇದನ್ನು ವಿವರಿಸುವಾಗ ನಮಗೂ ಸ್ವಲ್ಪ ಅರ್ಥವಾಗ್ತದೆ.

ಒಂದು ನಿಯಮ ಬರೆದು ಅಂಟಿಸಿ: ಗುಡುಗು ಕೇಳಿದರೆ ಟೆರೇಸಿಗೂ ಇಲ್ಲ, ಅಂಗಳಕ್ಕೂ ಇಲ್ಲ, ಲೆಕ್ಕ ಹೋದರೆ ಹೋಗಲಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆ ಸಿಡಿಲು ನಮ್ಮ ಕಡೆ ಜೋರು. ಮಾಪಕಕ್ಕೆ ಸೆಲ್ ಮಾತ್ರ, ಅಡಾಪ್ಟರ್ ಬೇಡ.

ಹೇಳಲೇಬೇಕಾದ ಇನ್ನೊಂದು ಸಂಗತಿ. ಮನೆಯಲ್ಲಿ ತಂಗಿಯೂ ತಮ್ಮನೂ ಇದ್ದರೆ ಸ್ಕ್ರೂಡ್ರೈವರ್ ತಾನಾಗಿ ತಮ್ಮನ ಕೈಗೆ ಹೋಗ್ತದೆ, ತಂಗಿಗೆ ಬಣ್ಣ ಹಚ್ಚುವ ಕೆಲಸ, ನೋಟ್‌ಬುಕ್ ಬರೆಯುವ ಕೆಲಸ. ನಮ್ಮ ಲ್ಯಾಬ್ ಬ್ಯಾಚುಗಳಲ್ಲೂ ಇದೇ ನಡೀತದೆ, ಸರ್ಕಿಟ್ ಒಬ್ಬ, ರೀಡಿಂಗ್ ಒಬ್ಬಳು. ಅದು ಶುರುವಾಗುವುದು ಇಲ್ಲಿ, ಎಂಟನೇ ವಯಸ್ಸಿನಲ್ಲಿ. ವಾರಕ್ಕೊಮ್ಮೆ ಕೆಲಸ ಅದಲು ಬದಲು ಮಾಡಿಸಿ.

ಮಗುವಿಗೆ ಆಸಕ್ತಿ ಹತ್ತಿದರೆ ಮುಂದಕ್ಕೆ ದಾರಿ ಊರಲ್ಲೇ ಉಂಟು. ಒಂದು ಭಾನುವಾರ ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಮುಟ್ಟಿ, ತಿರುಗಿಸಿ ನೋಡುವ ಮಾದರಿಗಳು ಅಲ್ಲಿವೆ, 2018ರಲ್ಲಿ ತೆರೆದ ತಾರಾಲಯವೂ ಪಕ್ಕದಲ್ಲೇ. ಅವಳು ಆರನೇ ತರಗತಿ ದಾಟಿದ್ದರೆ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಉಂಟಾ ಅಂತ ವಿಚಾರಿಸಿ. 2016ರಿಂದ ಆಯ್ಕೆಯಾದ ಶಾಲೆಗಳಿಗೆ ಇದಕ್ಕಾಗಿ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಕ್ಕಿದೆ. ಲ್ಯಾಬ್ ಇದ್ದರೆ ನೀವೇ ಒಂದು ಶನಿವಾರ ಹೋಗಿ ಟೀಚರನ್ನು ಮಾತಾಡಿಸಿ, ಬೋರ್ಡ್ ಗೊತ್ತಿರುವ ಅಣ್ಣ ಅಕ್ಕಂದಿರು ಸಿಕ್ಕಿದರೆ ಅವರಿಗೂ ಸಂತೋಷವೇ.

ಮಳೆ ನಿಂತ ಮೇಲೆ ಮಾಪಕ ಮೂಲೆಗೆ ಹೋಗದಿರಲಿ. ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ಮಟ್ಟ ಇಳಿದರೆ ನಗರಕ್ಕೆ ನೀರು ಸರದಿಯಲ್ಲಿ ಬರ್ತದೆ, 2019ರಲ್ಲಿ ಹಾಗೇ ಆಯಿತು. ಆಗ ಪಂಪ್ ಆಫ್ ಮಾಡಲಿಕ್ಕೆ ಮರೆತು ಟ್ಯಾಂಕಿ ಉಕ್ಕಿದರೆ ಅಮ್ಮನ ಬೈಗಳು ಇಡೀ ವಠಾರಕ್ಕೆ ಕೇಳ್ತದೆ. ಒಂದು ಬಿಸಿ547 ಟ್ರಾನ್ಸಿಸ್ಟರ್, ಒಂದು ಬಜರ್, ಬೇಸಿಗೆ 1 ಕಿಲೋಓಮ್ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ. ಪಾಸಿಟಿವ್‌ನಿಂದ ಒಂದು ತಂತಿ, ಬೇಸಿನ ರೆಸಿಸ್ಟರಿನಿಂದ ಇನ್ನೊಂದು, ಎರಡರ ತುದಿಗೂ ಸ್ಟೀಲ್ ಸ್ಕ್ರೂ, ಟ್ಯಾಂಕಿಯ ಬಾಯಿಗಿಂತ ನಾಲ್ಕು ಬೆರಳು ಕೆಳಗೆ ನೇತಾಡಲಿ. ನೀರು ಎರಡನ್ನೂ ಮುಟ್ಟಿದ ಕೂಡಲೇ ಬಜರ್ ಕೂಗ್ತದೆ. ಕುಡಿಯುವ ನೀರಾದ್ದರಿಂದ ಬೆಸುಗೆಯ ಸೀಸ ಒಳಗೆ ಮುಳುಗದಂತೆ ನೋಡಿಕೊಳ್ಳಬೇಕು. ಸ್ಕ್ರೂ ಎಷ್ಟು ಕೆಳಗಿದ್ದರೆ ಪಂಪ್ ಆಫ್ ಮಾಡಲಿಕ್ಕೆ ಓಡಿ ಬರುವಷ್ಟು ಸಮಯ ಸಿಗ್ತದೆ ಅನ್ನುವ ಲೆಕ್ಕವನ್ನು ಮಾತ್ರ ಮಗುವಿಗೇ ಬಿಡಿ. ಅವಳು ಸ್ಟಾಪ್‌ವಾಚ್ ಕೇಳ್ತಾಳೆ, ಕೊಡಿ.